ಡ್ರಮ್ ಸರ್ಕಲ್ ಉಳಿದ ಕಥೆ

ರಸ್ತೆ ಇಲಾಖೆಯಲ್ಲಿ ಕೆಲಸ ಮಾಡಿದವನ ಹಣೆಬರಹವೇ ಇಷ್ಟು. ಅವನು ನಕ್ಷೆಯ ಮೇಲೆ ಒಂದು ಗೆರೆ ಎಳೆದರೆ ಸಾಕು, ಹತ್ತು ಪ್ರಸಂಗಗಳು ತಾವಾಗಿಯೇ ಬಂದು ಅದರ ಮೇಲೆ ನಿಲ್ಲುತ್ತವೆ, ಅದೂ ತಪ್ಪು ಬದಿಯಲ್ಲಿ. ಕಡೂರು, ತರೀಕೆರೆ, ಅಜ್ಜಂಪುರ ಈ ಮೂರರ ನಡುವೆಯೇ ಸುತ್ತಿ ಸುತ್ತಿ ನನ್ನ ಸರ್ವಿಸ್ ಮುಗಿಯಿತು. ಈಗ ನಿವೃತ್ತ. ಬೆಳಗ್ಗೆ ಕಾಫಿ ಕುಡಿದು ಜಗಲಿಯಲ್ಲಿ ಕೂತರೆ ಹೋಗಿಬರುವವರನ್ನೆಲ್ಲ ಕೂಗಿ ಕರೆದು ಕಥೆ ಹೇಳುವಷ್ಟು ಆನಂದವಾಗಿದ್ದೇನೆ. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈಗ ನಗುತ್ತಾ ಹೇಳುವ ಈ ಒಂದೊಂದು ಪ್ರಸಂಗಕ್ಕೂ ಆಗ ನಾನು ಎದೆಯುರಿಯ ಮಾತ್ರೆ ನುಂಗಿದ್ದೇನೆ.

ಕೈ ಎತ್ತಿದ್ದು

ಸರ್ಕಾರದ ಒಂದು ಸಂಶೋಧನಾ ಕೇಂದ್ರದವರು ಎಲ್ಲೆಲ್ಲೋ ಅಳೆದು, ಎಣಿಸಿ, ಒಂದು ವರದಿ ಮಾಡಿದ್ದರು. ನಾಲ್ಕು ರಸ್ತೆ ಕೂಡುವ ಕಡೆ ನಡುವೆ ದುಂಡಗೆ ಒಂದು ಕಟ್ಟೆ ಕಟ್ಟಿ, ವಾಹನಗಳನ್ನೆಲ್ಲ ಅದರ ಸುತ್ತ ತಿರುಗಿಸಿ ಕಳಿಸಿದರೆ ವೇಗ ತಾನಾಗಿ ಇಳಿಯುತ್ತದೆ, ಜನ ಸಾಯುವಂಥ ಡಿಕ್ಕಿಗಳು ತಪ್ಪುತ್ತವೆ ಎಂದು. ವರದಿಯ ಬೆನ್ನಿಗೇ ನಮಗೆ ಆದೇಶ. ಪ್ರತಿ ವಿಭಾಗದಲ್ಲೂ ಒಂದು ಜಾಗ ಆರಿಸಿ, ಮೊದಲು ತಾತ್ಕಾಲಿಕವಾಗಿ ಮಾಡಿ ನೋಡಿ. ಕೇಂದ್ರದವರು ಬಂದು ಪರೀಕ್ಷೆ ಮಾಡುತ್ತಾರೆ. ಪಾಸಾದರೆ ಕಾಂಕ್ರೀಟಿನಲ್ಲಿ ಕಟ್ಟಿ, ಫೇಲಾದರೆ ಕಿತ್ತುಹಾಕಿ.

ತರೀಕೆರೆಯಲ್ಲಿ ಮೀಟಿಂಗ್. "ಯಾರು ಮಾಡ್ತೀರಿ?" ಎಂದು ನಮ್ಮ ಮೇಲಿನ ಸಾಹೇಬರು ಕೇಳಿದ್ದೇ ತಡ, ಇಂಜಿನಿಯರುಗಳೆಲ್ಲ ತಲೆಯೆತ್ತಿ ಫ್ಯಾನು ನೋಡತೊಡಗಿದರು. ನಾನೊಬ್ಬ ಕೈ ಎತ್ತಿದೆ.

ಧೈರ್ಯದಿಂದ ಅಲ್ಲ, ಭಯದಿಂದ. ನಮ್ಮ ಅಜ್ಜಂಪುರದ ಹೊರಗೆ ಒಂದು ಕೂಡುರಸ್ತೆ ಇದೆ. ಒಂದು ದಾರಿ ಊರಿನಿಂದ ಬರುತ್ತದೆ, ಒಂದು ಶಿವನಿ ಕಡೆಗೆ, ಒಂದು ತರೀಕೆರೆಗೆ, ಇನ್ನೊಂದು ಕಡೂರಿನ ಕಡೆಗೆ ಹೋಗುತ್ತದೆ. ನಾಲ್ಕು ಕಡೆಯಿಂದ ಬರುವವರೂ ತಮ್ಮದೊಂದೇ ರಸ್ತೆ ಎಂದುಕೊಂಡು ಬರುತ್ತಿದ್ದರು. ನನ್ನ ಹೆಂಡತಿ ಶಿವನಿ ಕಡೆಯ ಒಂದು ಹಳ್ಳಿಯಲ್ಲಿ ಟೀಚರ್. ದಿನಾ ಕೆಂಪು ಸ್ಕೂಟರಿನಲ್ಲಿ ಅಲ್ಲಿ ಬಲಕ್ಕೆ ತಿರುಗಿ ಹೋಗಬೇಕು. ಒಂದು ದಿನ ತೆಂಗಿನಕಾಯಿ ಲಾರಿಯೊಂದು ಅವಳ ಪಕ್ಕದಲ್ಲೇ ನುಗ್ಗಿ ಸ್ಕೂಟರಿನ ಕನ್ನಡಿ ಕಿತ್ತುಕೊಂಡು ಹೋಯಿತು. ಅವಳು ಹೊಸ ಕನ್ನಡಿ ಹಾಕಿಸಿಕೊಂಡು ಮಾರನೇ ದಿನವೇ ಹೊರಟಳು. ಅನ್ನ ಇಳಿಯದೆ ಹೋದದ್ದು ನನಗೆ. ಅಂದಿನಿಂದ ನಮ್ಮಿಬ್ಬರಲ್ಲಿ ಒಂದು ಕರಾರು. ಸ್ಕೂಲು ಮುಟ್ಟಿದ ಕೂಡಲೇ ಅವಳು ಒಂದು ಮಿಸ್ಡ್ ಕಾಲ್ ಕೊಡಬೇಕು. ಅದು ಬರುವ ತನಕ ನಾನು ಆಫೀಸಿನಲ್ಲಿ ಯಾವ ಕಾಗದಕ್ಕೂ ಸಹಿ ಹಾಕುತ್ತಿರಲಿಲ್ಲ.

ಇದನ್ನೆಲ್ಲ ಸಾಹೇಬರಿಗೆ ಹೇಳಲಾದೀತೆ? "ಸಂಶೋಧನೆ ಹೇಳ್ತಿದೆ ಸಾರ್, ಮಾಡಿ ನೋಡೋಣ" ಅಂದೆ.

"ಮಾಡ್ರೀ. ತಪ್ಪಾದ್ರೆ ಸಂಶೋಧನೆ ಮೇಲೆ ಹಾಕಾಣ" ಅಂದರು.

"ಸರಿಹೋದ್ರೆ ಸಾರ್?"

"ಅದನ್ನ ನನ್ನ ಮೇಲೆ ಹಾಕಿ."

ಡ್ರಮ್ಮುಗಳು

ತಾತ್ಕಾಲಿಕ ಅಂದಮೇಲೆ ನಮ್ಮ ಇಲಾಖೆಯಲ್ಲಿ ಒಂದೇ ವಸ್ತು, ಖಾಲಿ ಡಾಂಬರು ಡ್ರಮ್ಮು. ಬಿಳಿ, ಕಪ್ಪು ಪಟ್ಟೆ ಬಳಿಸಿ, ವರದಿಯಲ್ಲಿದ್ದ ಅಳತೆಗೆ ಸರಿಯಾಗಿ ದುಂಡಗೆ ನಿಲ್ಲಿಸಿದೆ. ಬೆಳಗ್ಗೆ ಹೋಗಿ ಮರದ ಕೆಳಗೆ ನಿಂತು ನೋಡುತ್ತಿದ್ದೆ. ಕಡೂರಿನ ಸರ್ಕಾರಿ ಬಸ್ಸು ಬಂತು, ನಿಂತಿತು. ಡ್ರೈವರು, ಕಂಡಕ್ಟರು, ಜೊತೆಗೆ ಇಬ್ಬರು ಪ್ರಯಾಣಿಕರು ಇಳಿದರು. ನಾಲ್ಕೂ ಜನ ಸೇರಿ ಎದುರುಬದುರಿನ ಡ್ರಮ್ಮುಗಳನ್ನು ಪಕ್ಕಕ್ಕೆ ತಳ್ಳಿ, ಸರ್ಕಲಿನ ಹೊಟ್ಟೆಯೊಳಗೆ ಬಸ್ಸು ನಡೆಸಿಕೊಂಡು ಈಚೆ ಬಂದರು. ನಾನು ಓಡಿಹೋದೆ.

"ಯಾರೋ ಡ್ರಮ್ಮು ಮರ್ತು ಹೋಗಿದ್ರು ಸಾರ್, ಸೈಡಿಗಿಟ್ಟಿದೀವಿ" ಅಂದ ಡ್ರೈವರು. ನಾನು ಥ್ಯಾಂಕ್ಸ್ ಹೇಳಬೇಕು ಅನ್ನುವ ಮುಖ.

"ಅದು ಸಂಶೋಧನೆ ಕಣ್ರೀ" ಅಂದೆ.

"ಸಂಶೋಧನೆ ಮೊದ್ಲು ಇಲಿ ಮೇಲೆ ಮಾಡ್ತಾರಲ್ಲ ಸಾರ್" ಅಂತ ಅವನು ಬಸ್ಸು ಹತ್ತಿದ. "ಸೀದಾ ನಮ್ಮ ಬಸ್ಸಿನ ಮೇಲೇ ಬಂದ್ಬಿಟ್ರಾ?"

ಅದಾದ ಮೇಲೆ ಇನ್ನೊಂದು ರೋಗ ಶುರುವಾಯಿತು. ದಿನ ಬೆಳಗಾದರೆ ಸರ್ಕಲು ಸವೆಯುತ್ತಿತ್ತು. ಇವತ್ತು ದುಂಡಗಿದ್ದದ್ದು ನಾಳೆ ಮೊಟ್ಟೆಯಾಕಾರ, ನಾಡಿದ್ದು ಕುದುರೆ ಲಾಳ. ಪರೀಕ್ಷೆಯವರು ಬರುವ ಹೊತ್ತಿಗೆ ಒಂದೇ ಡ್ರಮ್ಮು ಉಳಿದರೆ ಏನು ತೋರಿಸಲಿ ಎಂದು ನನಗೆ ಚಿಂತೆ. ಆ ವಾರ ಹತ್ತಿರದ ಹಳ್ಳಿಯ ಒಂದು ಗೃಹಪ್ರವೇಶಕ್ಕೆ ಹೋಗಿದ್ದೆ. ಊಟ ಮುಗಿಸಿ ಕೈ ತೊಳೆಯಲು ಹೋದರೆ ನೀರು ತುಂಬಿದ ಡ್ರಮ್ಮು, ಮೈತುಂಬ ಬಿಳಿ, ಕಪ್ಪು ಪಟ್ಟೆ. ಮನೆಯ ಯಜಮಾನರು ನಾನು ನೋಡುವುದನ್ನು ನೋಡಿ, "ಗೌರ್ಮೆಂಟಿಂದು ಸಾಹೇಬ್ರೆ. ಭಾಳ ಗಟ್ಟಿ ಅದೆ" ಅಂದರು, ನನ್ನನ್ನು ಹೊಗಳುವ ಹಾಗೆ. ಉಂಡ ಮನೆ. ಕೈ ತೊಳೆದುಕೊಂಡು ಬಂದೆ.

ಇದನ್ನು ಹೀಗೇ ಬಿಟ್ಟರಾಗದು ಎಂದು ಹೊಸ ಡ್ರಮ್ಮು ತರಿಸಿ, ಯಾರೂ ಎತ್ತದ ಹಾಗೆ ಎಲ್ಲದರ ತುಂಬ ಮರಳು ತುಂಬಿಸಿದೆ. ಮಾರನೇ ದಿನ ಹೋಗಿ ನೋಡಿದರೆ ಡ್ರಮ್ಮುಗಳೆಲ್ಲ ಇದ್ದವು. ಮರಳು ಇರಲಿಲ್ಲ.

ಬಲಕ್ಕೆ ಹೋಗಬೇಕಾದರೆ ಎಡಕ್ಕೆ

ಕಿತ್ತ ಹಳೇ ಡಾಂಬರಿನ ಹೆಂಟೆಗಳು ಯಾರ ಮನೆಗೂ ಬೇಡದ ವಸ್ತು. ಅದನ್ನು ತುಂಬಿಸಿದ ಮೇಲೆ ಡ್ರಮ್ಮುಗಳು ನಿಂತವು. ಇನ್ನು ಜನಕ್ಕೆ ಸುತ್ತುವುದು ಕಲಿಸಬೇಕಿತ್ತು. ಅಲ್ಲೇ ಟೀ ಅಂಗಡಿಯ ಮುಂದೆ ಸುತ್ತಲ ಹಳ್ಳಿಯವರನ್ನೆಲ್ಲ ಸೇರಿಸಿದೆ. ಮುಂದಿನ ಬೆಂಚಿನಲ್ಲಿ ಒಬ್ಬ ಟ್ರ್ಯಾಕ್ಟರ್ ಯಜಮಾನರು. ತೆಂಗಿನಕಾಯಿ ವ್ಯಾಪಾರ, ಗಟ್ಟಿ ಕುಳ, ಆ ದಾರಿಯಲ್ಲಿ ಅವರು ಹೋದ ಹಾಗೆ ಉಳಿದವರು ಹೋಗುತ್ತಾರೆ. ಅವರೊಬ್ಬರಿಗೆ ತಿಳಿದರೆ ಸಾಕು ಎಂದು ಅವರತ್ತಲೇ ತಿರುಗಿ ಪಾಠ ಶುರುಮಾಡಿದೆ.

"ನೀವು ಬಲಕ್ಕೆ ಹೋಗಬೇಕು ಅಂತಿಟ್ಕೊಳ್ಳಿ. ಮೊದಲು ಎಡಕ್ಕೆ ತಿರುಗಬೇಕು."

"ಬಲಕ್ಕೆ ಹೋಗೋನು ಎಡಕ್ಕೆ ಯಾಕೆ ತಿರುಗ್ಲಿ?"

"ಎಡಕ್ಕೆ ತಿರುಗಿ, ಸುತ್ತಿ, ಬಲಕ್ಕೆ ಹೋಗಬೇಕು."

"ಬಲ ಇಲ್ಲೇ ಕಾಣ್ತಾ ಅದಲ್ಲ ಸಾಹೇಬ್ರೆ. ಕೈಗೆ ಎಟುಕೋ ಹಣ್ಣನ್ನ ಮನೆ ಸುತ್ತಿ ಬಂದು ಕೀಳು ಅಂತೀರಲ್ಲ."

ವರದಿಯಲ್ಲಿದ್ದ ಚಿತ್ರ ತೋರಿಸಿದೆ. ಬಾಣದ ಗುರುತುಗಳನ್ನು ನೋಡಿ ಒಬ್ಬ, ಇದು ಹನಿ ನೀರಾವರಿ ಪೈಪಿನದಲ್ಲವೇ ಎಂದು ಕೇಳಿದ. ಇವರು ಕಲಿಯದಿದ್ದರೆ ಪರೀಕ್ಷೆ ಫೇಲು. ಫೇಲಾದರೆ ಡ್ರಮ್ಮು ಕೀಳುತ್ತಾರೆ, ತೆಂಗಿನಕಾಯಿ ಲಾರಿಗಳು ಮೊದಲಿನ ಹಾಗೆ ನುಗ್ಗುತ್ತವೆ, ಆ ಕೆಂಪು ಸ್ಕೂಟರು ಮೊದಲಿನ ಹಾಗೆ ಅವುಗಳ ನಡುವೆ. ಆಗ ಎಲ್ಲಿಂದಲೋ ನನಗೆ ಹೊಳೆಯಿತು.

"ನೋಡಿ, ಇದೇನೂ ಹೊಸದಲ್ಲ. ಗುಡಿಗೆ ಹೋದ್ರೆ ದೇವರನ್ನ ಬಲಕ್ಕಿಟ್ಕೊಂಡು ಪ್ರದಕ್ಷಿಣೆ ಹಾಕ್ತೀವಲ್ಲ? ಹಾಗೇ. ಡ್ರಮ್ಮು ಬಲಗಡೆಗೆ ಇರ್ಬೇಕು, ಅಷ್ಟೇ."

ಟೀ ಅಂಗಡಿಯ ಮುಂದೆ ಒಂದು ಉಸಿರು ಬಿಟ್ಟ ಸದ್ದು. "ಅಯ್ಯೋ, ಅಷ್ಟೇನಾ. ಮೊದ್ಲೇ ಹಂಗನ್ನಬಾರ್ದಾ" ಅಂದರು ಟ್ರ್ಯಾಕ್ಟರ್ ಯಜಮಾನರು. ಎದ್ದು ಹೋಗಿ ಟ್ರ್ಯಾಕ್ಟರ್ ಹತ್ತಿ, ಎಡಕ್ಕೆ ತಿರುಗಿ, ಚಂದವಾಗಿ ಸುತ್ತಿ ತೋರಿಸಿಯೇಬಿಟ್ಟರು. ಸಂಶೋಧನೆಗೆ ಆಗದ್ದನ್ನು ನಾನು ಒಂದು ಮಾತಿನಲ್ಲಿ ಮಾಡಿದೆ ಎಂದು ಹೆಮ್ಮೆಯಿಂದ ಮನೆಗೆ ಹೋಗಿ ಹೆಂಡತಿಗೆ ಹೇಳಿದೆ.

ಅವಳು ಪಲ್ಯ ಕಲಕುತ್ತಾ, "ಎಲ್ಲಾ ಸರಿ ರೀ. ಗುಡೀಲಿ ಹಿಂದಿನಿಂದ ಯಾರೂ ಹಾರನ್ ಹೊಡೆಯಲ್ಲ" ಅಂದಳು.

ಬೀಗರು

ಸುತ್ತುವುದು ಕಲಿತರು. ಎರಡನೇ ಪಾಠ ಕಷ್ಟದ್ದು. ಸರ್ಕಲಿನೊಳಗೆ ಆಗಲೇ ಸುತ್ತುತ್ತಾ ಬಲಗಡೆಯಿಂದ ಬರುವವನಿಗೆ ಹೊರಗಿನವನು ದಾರಿ ಬಿಡಬೇಕು. ಇದನ್ನು ಹೇಳಿದ ದಿನವೇ ಒಬ್ಬರು ಕೇಳಿದ್ದರು, "ಬರೋನು ನನಗಿಂತ ವಯಸ್ಸಲ್ಲಿ ಚಿಕ್ಕೋನಾದ್ರೂನಾ?" ನಾನು ನಕ್ಕುಬಿಟ್ಟಿದ್ದೆ. ನಗಬಾರದಿತ್ತು.

ಒಂದು ಬೆಳಗ್ಗೆ ಮಿಸ್ಡ್ ಕಾಲ್ ತಡವಾಯಿತು. ಜೀಪು ಹತ್ತಿ ಹೋದೆ. ದೂರದಿಂದಲೇ ಬಸ್ಸು, ಲಾರಿ, ಆಟೋಗಳ ಸಾಲು. ಸಾಲಿನ ಕೊನೆಯಲ್ಲಿ ಕೆಂಪು ಸ್ಕೂಟರು, ಅದರ ಮೇಲೆ ನನ್ನ ಹೆಂಡತಿ ಕಿತ್ತಳೆ ಸುಲಿದು ತಿನ್ನುತ್ತಾ ಕೂತಿದ್ದಳು. ಜೀವ ಬಂತು. ಮುಂದೆ ನಡೆದರೆ ಸರ್ಕಲಿನೊಳಗೆ ಒಂದು ಜೀಪು ನಿಂತಿದೆ, ಹೊರಗೆ ನಮ್ಮ ಟ್ರ್ಯಾಕ್ಟರ್ ಯಜಮಾನರು ನಿಂತಿದ್ದಾರೆ. ಜೀಪಿನಲ್ಲಿದ್ದವರು ಸಖರಾಯಪಟ್ಟಣದ ಕಡೆಯವರು, ಯಜಮಾನರ ಹೊಸ ಬೀಗರು. ಅವರ ಮಗಳನ್ನು ಇವರ ಮಗನಿಗೆ ತಂದುಕೊಂಡು ಇನ್ನೂ ಮದುವೆ ಚಪ್ಪರ ಬಾಡಿರಲಿಲ್ಲ.

"ನೀವು ನಡೀರಿ ಬೀಗ್ರೆ" ಅನ್ನುತ್ತಿದ್ದರು ಯಜಮಾನರು.

"ಉಂಟಾ? ಹೆಣ್ಣು ಕೊಟ್ಟೋರು ನಾವು. ನೀವು ಮೊದ್ಲು" ಅನ್ನುತ್ತಿದ್ದರು ಬೀಗರು.

"ನಮ್ಮೂರಿಗೆ ಬಂದೋರು ನೀವು. ನಿಮ್ಮನ್ನ ಬಿಟ್ಟು ನಾನು ಹೋದ್ರೆ ನಾಳೆ ನಾಲ್ಕು ಜನ ಏನಂದಾರು?"

ನಾಲ್ಕಲ್ಲ, ನಲವತ್ತು ಜನ ಆಗಲೇ ಅನ್ನುತ್ತಿದ್ದರು, ಹಾರನ್ನಿನಲ್ಲಿ. ನಾನು ಯಜಮಾನರ ಹತ್ತಿರ ಹೋಗಿ ಮೆಲ್ಲಗೆ, "ಅವರು ಬಲಗಡೆಯಿಂದ ಬಂದಿದಾರೆ, ರೂಲ್ಸ್ ಪ್ರಕಾರ ಅವರೇ ಮೊದಲು" ಅಂದೆ.

"ರೂಲ್ಸು ನನಗೆ ಗೊತ್ತು ಸಾಹೇಬ್ರೆ, ಬೀಗ್ರಿಗೆ ಹೇಳಿ" ಅಂದರು. ಬೀಗರ ಹತ್ತಿರ ಓಡಿದೆ. "ಮದುವೇಲಿ ನಮ್ಮೋರು ಮೊದಲ ಪಂಕ್ತಿಗೆ ಕೂತ್ರು ಅಂತ ಇನ್ನೂ ಮಾತು ನಡೀತಾ ಅದೆ. ಇಲ್ಲೂ ನಾವೇ ಮೊದ್ಲು ಹೋಗಾನಾ? ಆಗಲ್ಲ" ಅಂದರು ಅವರು.

ನಾನು ಇಬ್ಬರಿಗೂ ಕೈ ಮುಗಿದೆ. ದೊಡ್ಡ ಮನಸ್ಸು ಮಾಡಿ ಒಂದು ಇತ್ಯರ್ಥಕ್ಕೆ ಬನ್ನಿ ಎಂದು ಬೇಡಿಕೊಂಡೆ. ಬಂದರು. ಇಬ್ಬರೂ ಕೆಳಗಿಳಿದು, ಹೆಗಲ ಮೇಲೆ ಕೈ ಹಾಕಿಕೊಂಡು ಒಟ್ಟಿಗೇ ಟೀ ಕುಡಿಯಲು ಹೋದರು. ಗಾಡಿಗಳನ್ನು ಅಲ್ಲೇ ಬಿಟ್ಟು.

ನಡುವೆ ಏನಿಡೋದು

ಖಾಲಿ ಸರ್ಕಲ್ ನೋಡಿದರೆ ನಮ್ಮ ಜನಕ್ಕೆ ಕೈ ಕಡಿಯುತ್ತದೆ. ಸರ್ಕಲ್ ಅಂದಮೇಲೆ ನಡುವೆ ಯಾರಾದರೂ ನಿಂತಿರಬೇಕು, ಕೈ ಎತ್ತಿಕೊಂಡು. ಊರಿನಲ್ಲಿ ಸಭೆ ಕರೆದರು. ಒಂದು ಕಡೆಯವರು ಒಂದು ಹೆಸರು ಹೇಳಿದರು, ಇನ್ನೊಂದು ಕಡೆಯವರು ಅದಕ್ಕಿಂತ ಜೋರಾಗಿ ಇನ್ನೊಂದು. ಮೂರನೆಯವರು ಏನೂ ಹೇಳದೆ ಕುರ್ಚಿ ಬಿಟ್ಟು ಎದ್ದು ನಿಂತರು. ಇನ್ನು ಅರ್ಧ ಗಳಿಗೆಯಲ್ಲಿ ಪೊಲೀಸರು ಬರುತ್ತಾರೆ, ನಾಳೆ ಬೆಳಗ್ಗೆಗೆ ಡ್ರಮ್ಮುಗಳು ಗುಜರಿಗೆ. ಎದ್ದು ನಿಂತು, ವರದಿಯನ್ನು ಎತ್ತಿ ಹಿಡಿದು, ಬಾಯಿಗೆ ಬಂದದ್ದು ಹೇಳಿದೆ.

"ಯಾರ ಪ್ರತಿಮೇನೂ ಇಡೋ ಹಾಗಿಲ್ಲ. ಸಂಶೋಧನೆ ಪ್ರಕಾರ ನಡುವೆ ಏನಾದ್ರೂ ಇದ್ರೆ ಡ್ರೈವರುಗಳು ಅದನ್ನೇ ನೋಡ್ತಾರೆ, ರಸ್ತೆ ನೋಡಲ್ಲ. ಆಕ್ಸಿಡೆಂಟು ಗ್ಯಾರಂಟಿ."

ಸಭೆ ಯೋಚನೆಗೆ ಬಿತ್ತು. ಸರ್ಕಾರದ ಸಂಶೋಧನೆ ಅಂದರೆ ಜಗಳವಾಡಲು ಎದುರಿಗೆ ಯಾರೂ ಇರುವುದಿಲ್ಲ, ಅದೇ ಅದರ ಶಕ್ತಿ. ಆಗ ಟ್ರ್ಯಾಕ್ಟರ್ ಯಜಮಾನರು ಎದ್ದರು.

"ಹಂಗಾದ್ರೆ ಯಾರೂ ತಿರುಗಿ ನೋಡದಂಥೋರ್ದು ಇಡಾಣ. ನಮ್ಮ ಪಂಚಾಯ್ತಿ ಮಾಜಿ ಅಧ್ಯಕ್ಷರದ್ದು."

ಎಲ್ಲರೂ ನಕ್ಕು ಸಭೆ ಮುಗಿಯಿತು. ಹೊರಗೆ ಚಪ್ಪಲಿ ಹುಡುಕುವಾಗ ಗೊತ್ತಾಯಿತು, ಮಾಜಿ ಅಧ್ಯಕ್ಷರು ಮೊದಲಿನಿಂದಲೂ ಎರಡನೇ ಸಾಲಿನಲ್ಲೇ ಕೂತಿದ್ದರಂತೆ. ಯಾರೂ ನೋಡಿರಲಿಲ್ಲ.

ಪರೀಕ್ಷೆ

ಪರೀಕ್ಷೆಯ ದಿನ ಗೊತ್ತಾಯಿತು. ಹಿಂದಿನ ಸಂಜೆ ನಾನು ಊಟದ ಮುಂದೆ ಕೂತು ಮಜ್ಜಿಗೆಗೆ ಸಕ್ಕರೆ ಹಾಕಿಕೊಂಡೆನಂತೆ. ಹೆಂಡತಿ ನೋಡಿದಳು. ಸ್ಕೂಟರ್ ತೆಗೆದುಕೊಂಡು, "ಟೀ ಅಂಗಡಿ ತಂಕ ಹೋಗಿ ಬತ್ತೀನಿ" ಎಂದು ಹೊರಟಳು. ಹಾಲು ತರಲು ಇರಬೇಕು ಎಂದುಕೊಂಡೆ.

ಬೆಳಗ್ಗೆ ಸಂಶೋಧನಾ ಕೇಂದ್ರದ ವ್ಯಾನು ಬಂತು. ಮುಖ್ಯಸ್ಥೆ ಕನ್ನಡಕ ಹಾಕಿದ ಒಬ್ಬ ಹೆಣ್ಣುಮಗಳು, ಬೆಂಗಳೂರಿನವರು, ಮಾತು ಕಡಿಮೆ. ಕಂಬಕ್ಕೆ ಕ್ಯಾಮೆರಾ ಕಟ್ಟಿಸಿ, ಮರದ ಕೆಳಗೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತರು. ನಮ್ಮ ಮೇಲಿನ ಸಾಹೇಬರೂ ತರೀಕೆರೆಯಿಂದ ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದರು.

ಏನು ಹೇಳಲಿ, ನನ್ನ ಕಣ್ಣು ತುಂಬಿ ಬಂತು. ಒಬ್ಬನಾದರೂ ತಪ್ಪು ಬದಿಗೆ ಹೋಗಲಿಲ್ಲ. ಲಾರಿ, ಆಟೋ, ಬೈಕು, ಎಲ್ಲ ಎಡಕ್ಕೆ ತಿರುಗಿ, ಡ್ರಮ್ಮನ್ನು ಬಲಕ್ಕಿಟ್ಟುಕೊಂಡು, ಮದುವೆ ಗಂಡಿನ ಹಾಗೆ ನಿಧಾನವಾಗಿ ಸುತ್ತುತ್ತಿದ್ದವು. ಆದರೆ ಹೊತ್ತು ಹೋದಂತೆ ಕೇಂದ್ರದ ಮುಖ್ಯಸ್ಥೆಯ ಹುಬ್ಬು ಗಂಟಾಗತೊಡಗಿತು.

"ಸರ್, ನೀವು ಕೊಟ್ಟಿದ್ದ ಅಂದಾಜಿಗಿಂತ ಮೂರು ಪಟ್ಟು ಟ್ರಾಫಿಕ್ ಇದೆ ಇಲ್ಲಿ."

"ಅಷ್ಟಿರಕ್ಕೆ ಸಾಧ್ಯ ಇಲ್ಲ ಮೇಡಂ. ನಮ್ಮ ತಾಲೂಕಿನ ಎಮ್ಮೆಗಳನ್ನ ಸೇರಿಸಿದ್ರೂ ಅಷ್ಟಾಗಲ್ಲ."

"ಕ್ಯಾಮೆರಾ ಹೇಳ್ತಿದೆ. ಇಷ್ಟು ಟ್ರಾಫಿಕ್ ಇದ್ರೆ ರೌಂಡಬೌಟ್ ಶಿಫಾರಸು ಮಾಡೋಕಾಗಲ್ಲ. ತೆಗೆದು ಸಿಗ್ನಲ್ ಹಾಕ್ಬೇಕು, ಇಲ್ಲ ಮೇಲ್ಸೇತುವೆ."

ಹಿಂದಿನಿಂದ ನಮ್ಮ ಸಾಹೇಬರು, "ಮೇಲ್ಸೇತುವೆನಾ? ಅದನ್ನೇ ಬರ್ಕೊಳ್ಳಿ ಮೇಡಂ" ಅಂದರು.

ಸಿಗ್ನಲ್ಲಂತೆ. ಕರೆಂಟು ಬಂದರೆ ಹಬ್ಬ ಮಾಡುವ ಊರಿನಲ್ಲಿ. ಮೇಲ್ಸೇತುವೆ ಬರುವ ಹೊತ್ತಿಗೆ ನಾನೂ ಇರುವುದಿಲ್ಲ, ಆ ಸ್ಕೂಟರೂ ಇರುವುದಿಲ್ಲ. ಅಲ್ಲಿಯ ತನಕ ಮತ್ತೆ ಅದೇ ಲಾರಿಗಳು. ಆಗಲೇ ನನಗೆ ನೆನಪಾದದ್ದು, ಮಿಸ್ಡ್ ಕಾಲ್ ಬಂದಿಲ್ಲ. ಸ್ಕೂಲಿನ ಬೆಲ್ಲು ಹೊಡೆಯುವ ಹೊತ್ತಾಗಿದೆ. ಫೋನ್ ಮಾಡಿದೆ. ಹೊಡೆದುಕೊಂಡಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಲಿಲ್ಲ. ಆಮೇಲೆ ನನ್ನ ಕಾಲು ನನ್ನ ಮಾತು ಕೇಳಲಿಲ್ಲ, ಸರ್ಕಲಿನ ಕಡೆಗೆ ಓಡಿದೆ.

ಎದುರಿಗೆ ತೆಂಗಿನಕಾಯಿ ಹೊರೆಯ ಜೊತೆ ನಮ್ಮ ಟ್ರ್ಯಾಕ್ಟರ್ ಯಜಮಾನರು. ಆಗ ತಾನೇ ಸುತ್ತಿಹೋದವರು ಮತ್ತೆ ಬಂದರು. ನಾನು ಅಡ್ಡ ಕೈ ಹಿಡಿದೆ.

"ಯಜಮಾನ್ರೆ, ನೀವು ಆಗ್ಲೇ ಹೋದ್ರಲ್ಲ?"

"ಅದು ಮೊದಲ್ನೇದು ಸಾಹೇಬ್ರೆ. ಇದು ಎರಡ್ನೇದು. ಬಿಡಿ, ಇನ್ನೊಂದದೆ."

"ಏನು ಇನ್ನೊಂದು?"

"ಸುತ್ತು." ಅವರು ನನ್ನನ್ನು ಮರುಕದಿಂದ ನೋಡಿದರು. "ಪ್ರದಕ್ಷಿಣೆ ಹಂಗೆ ಅಂತ ನೀವೇ ಅಲ್ವಾ ಹೇಳ್ಕೊಟ್ಟಿದ್ದು? ಮೂರು ಹಾಕ್ದೆ ಯಾರಾದ್ರೂ ಎದ್ದು ಹೋಗ್ತಾರಾ?"

"ದಿನಾ ಒಂದೇ ಹಾಕ್ತಿದ್ರಲ್ರೀ."

"ದಿನಾ ಗುಡಿ ಮುಂದೆ ಹೋಗುವಾಗ ಒಂದು ಕೈ ಎತ್ತಿ ಹೋಯ್ತೀವಿ, ಅದು ಬೇರೆ. ಇವತ್ತು ಸರ್ಕಲ್ಲಿಗೆ ಕಷ್ಟ ಬಂದದೆ. ಕಷ್ಟ ಬಂದಾಗ ಮೂರು. ಬಸ್ಸಿನೋರೂ ಹಾಕಿದ್ರು, ಒಳಗಿದ್ದೋರೆಲ್ಲ ಕೈ ಮುಗ್ದಿದ್ರು, ನೋಡಲಿಲ್ವಾ?"

"ಕಷ್ಟ ಅಂತ ಯಾರು ಹೇಳಿದ್ದು ನಿಮಗೆ?"

"ಮೇಡಂನೋರು. ನಿನ್ನೆ ಸಂಜೆ ಟೀ ಅಂಗಡಿಗೆ ಬಂದು, ನಾಳೆ ಎಲ್ಲಾ ಶ್ರದ್ಧೆಯಿಂದ ಸುತ್ತಿ, ನಮ್ಮನೆಯೋರು ಅನ್ನ ಬಿಟ್ಟವ್ರೆ ಅಂದ್ರು."

ಯಾವ ಮೇಡಂ ಎಂದು ಕೇಳುವ ಅಗತ್ಯ ಬೀಳಲಿಲ್ಲ. ಟ್ರ್ಯಾಕ್ಟರಿನ ಹಿಂದಿನಿಂದ ಕೆಂಪು ಸ್ಕೂಟರು ಬಂತು. ಹೆಲ್ಮೆಟ್ಟು, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಹೆಲ್ಮೆಟ್ಟಿನೊಳಗೆ ಮಣಮಣ ಅಲ್ಲಾಡುವ ತುಟಿ. ನಾನು ರಸ್ತೆಯ ನಡುವೆ ನಿಂತು ಬಾಯಿಬಿಟ್ಟೆ. ಅವಳು ನಿಲ್ಲಿಸಲೂ ಇಲ್ಲ.

"ದಾರಿ ಬಿಡ್ರೀ" ಅಂದಳು. "ಬಲಗಡೆಯಿಂದ ಬತ್ತಾ ಇದೀನಿ, ಕಾಣಲ್ವಾ?"

ಮರದ ಕೆಳಗೆ ಹೋಗಿ ಎಲ್ಲ ಹೇಳಿದೆ. ಆ ಸಂಶೋಧಕಿ ಕ್ಯಾಮೆರಾದಲ್ಲಿ ಹಿಂದಕ್ಕೆ ಓಡಿಸಿ ನೋಡಿದರು. ಅದೇ ಬಸ್ಸು ಮೂರು ಸಲ, ಅದೇ ಟ್ರ್ಯಾಕ್ಟರು ಮೂರು ಸಲ, ಅದೇ ಕೆಂಪು ಸ್ಕೂಟರು ಮೂರು ಸಲ. ಹೆಚ್ಚು ಮಾತಾಡದ ಆಕೆ ಕನ್ನಡಕ ತೆಗೆದಿಟ್ಟು ಕಣ್ಣೊರೆಸಿಕೊಂಡು ನಕ್ಕರು. ಮಾರನೇ ದಿನ, ದಯವಿಟ್ಟು ಭಕ್ತಿ ಬೇಡ ಎಂದು ಎಲ್ಲರಿಗೂ ಹೇಳಿ, ಮತ್ತೆ ಪರೀಕ್ಷೆ ಮಾಡಿದರು. ಸರ್ಕಲು ಪಾಸಾಯಿತು. ಸಾಹೇಬರಿಗೆ ಮಾತ್ರ ಮೇಲ್ಸೇತುವೆ ಕೈತಪ್ಪಿದ ದುಃಖ ಬಹಳ ದಿನ ಇತ್ತು.

ಡ್ರಮ್ಮು ಹೋಗಿ ಕಾಂಕ್ರೀಟು ಬಂದರೂ ಹೆಸರು ಡ್ರಮ್ ಸರ್ಕಲ್ ಎಂದೇ ಉಳಿಯಿತು. ಆದರೆ ಸಂಶೋಧನೆ ಅಷ್ಟಕ್ಕೆ ಬಿಡುತ್ತದೆಯೇ? ಕೆಲವು ತಿಂಗಳಿಗೆ ಎಲ್ಲ ವಿಭಾಗಗಳಿಗೂ ಹೊಸ ಆದೇಶ ಬಂತು. ಪ್ರತಿ ರೌಂಡಬೌಟಿನ ಮುಂದೆಯೂ 'ಒಂದು ಸುತ್ತು ಸಾಕು' ಎಂದು ಬೋರ್ಡು ಹಾಕಬೇಕು. ಉತ್ತರದ ಯಾವುದೋ ಜಿಲ್ಲೆಯಿಂದ ಒಬ್ಬ ಇಂಜಿನಿಯರು ಫೋನ್ ಮಾಡಿ, "ಸರ್, ಇದೇನ್ರಿ ಇದು? ಎರಡನೇ ಸುತ್ತು ಯಾಂವ ಹೊಡಿತಾನ್ರಿ?" ಎಂದು ಕೇಳಿದರು. "ಸಂಶೋಧನೆಯಲ್ಲಿ ಕಂಡುಬಂದಿದೆ" ಎಂದಷ್ಟೇ ಹೇಳಿದೆ.

ನಾನು ನಿವೃತ್ತನಾದ ದಿನ ಇಲಾಖೆಯ ಜೀಪು ಬಿಟ್ಟುಕೊಟ್ಟು, ಹಾರ ಹಾಕಿಕೊಂಡೇ ಹೆಂಡತಿಯ ಸ್ಕೂಟರಿನ ಹಿಂದೆ ಕೂತು ಹೊರಟೆ. ಡ್ರಮ್ ಸರ್ಕಲ್ ಬಂತು. ಅವಳು ಎಡಕ್ಕೆ ತಿರುಗಿದಳು, ಸುತ್ತಿದಳು, ನಮ್ಮ ಊರಿನ ದಾರಿ ಬಂತು, ಹೋಯಿತು.

"ಏಯ್, ದಾರಿ ಬಿಟ್ಟೆ ಕಣೇ" ಅಂದೆ. "ಬೋರ್ಡ್ ನೋಡು. ಒಂದು ಸುತ್ತು ಸಾಕು ಅಂತ ನಾನೇ ನಿಂತು ಹಾಕಿಸಿರೋದು."

"ಅದು ಹರಕೆ ಇಲ್ದೋರಿಗೆ" ಅಂದಳು. "ರಿಟೈರ್ ಆದ್ಮೇಲೆ ದಿನಪೂರ್ತಿ ಮನೇಲೇ ಇರ್ತೀರಲ್ಲ, ನನಗೆ ತಾಳ್ಮೆ ಕೊಡಪ್ಪಾ ಅಂತ ಬೇಡ್ಕೊತಾ ಇದೀನಿ. ಗಟ್ಟಿಯಾಗಿ ಹಿಡ್ಕೊಳ್ಳಿ, ಇನ್ನೂ ಎರಡದೆ."